ಪದಚರ್ಚೆ: ‘ಇಂಗಾಲ ಕಡಿಮೆ’ ಮತ್ತು ‘ಕಡಿಮೆ ಇಂಗಾಲ’

ಪ್ರಶ್ನೆ (ಹಾವೇರಿ):
ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲ ಶೇ. 0.5ಕ್ಕಿಂತ ಕೆಳಗಿದ್ದರೆ ‘ಕಡಿಮೆ’ ಎಂದು ಬರೆದಿರುತ್ತದೆ. ಅಂದರೆ ಹೊಲ ಸೊರಗಿದೆ, ಗೊಬ್ಬರ ಕೇಳುತ್ತಿದೆ. ಅದೇ ರೈತನ ಮೊಬೈಲಿಗೆ ‘ಕಡಿಮೆ ಇಂಗಾಲದ ತಂತ್ರಜ್ಞಾನ ಅಳವಡಿಸಿಕೊಳ್ಳಿ’ ಎಂಬ ಸಲಹೆಯೂ ಬರುತ್ತದೆ. ‘ಇರೋದ ಸಾಲವಲ್ದು, ಇನ್ನೂ ಕಡಿಮಿ ಮಾಡೋದೇನ್ರಿ?’ ಎಂದು ಯಾರಾದರೂ ಕೇಳಿದರೆ ತಪ್ಪು ಅವರದಲ್ಲ. ‘ಲೋ ಕಾರ್ಬನ್’ (ಗಾಳಿಗೆ ಹಸಿರುಮನೆ ಅನಿಲ ಕಡಿಮೆ ಬಿಡುವ) ಎನ್ನಲು ಬೇರೆ ಪದ ಬಳಕೆಯಲ್ಲಿದೆಯೇ?

ಉತ್ತರ (ಧಾರವಾಡ):
ರೈತರಿಗೆ ಹೋಗುವ ಸಂದೇಶದಲ್ಲಿ ಈ ಪದವೇ ಬೇಡ. ಯೂರಿಯಾದಿಂದ ಗಾಳಿ ಸೇರುವ ನೈಟ್ರಸ್ ಆಕ್ಸೈಡಿನಲ್ಲಿ ಇಂಗಾಲವೇ ಇಲ್ಲ. 100 ವರ್ಷದ ಲೆಕ್ಕದಲ್ಲಿ ಭೂಮಿಯನ್ನು ಬಿಸಿಮಾಡುವ ಅದರ ಶಕ್ತಿ, ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡಿನ ಸುಮಾರು 270 ಪಟ್ಟು ಎಂಬ ಕಾರಣಕ್ಕೆ ‘ಇಂಗಾಲ’ದ ಖಾತೆಗೆ ಸೇರಿಸುತ್ತಾರೆ, ಅಷ್ಟೇ. ಮಾಡಬೇಕಾದ ಕೆಲಸದ ಹೆಸರನ್ನೇ ಹೇಳಿ: ‘ಯೂರಿಯಾ ಕಂತಿನಲ್ಲಿ ಹಾಕಿ’, ‘ಗೋವಿನಜೋಳದ ದಂಟು ಸುಡಬೇಡಿ’, ‘ಸೌರ ಪಂಪ್‌ಸೆಟ್’. ವರದಿಗಾದರೆ ‘ಹಸಿರುಮನೆ ಅನಿಲ ತಗ್ಗಿಸುವ’ ಸಾಕು.

ಉತ್ತರ (ಗದಗ):
ಇಂಗಾಲಕ್ಕಿಂತ ದೊಡ್ಡ ತೊಡಕು ‘ಹೆಕ್ಟೇರಿಗೆ 50 ಕೆ.ಜಿ. ಸಾರಜನಕ’ ಎಂಬಂಥ ಸಾಲಿನದು. ಯೂರಿಯಾದಲ್ಲಿ ಸಾರಜನಕ ಶೇ. 46, 45 ಕೆ.ಜಿ. ಚೀಲದಲ್ಲಿ 20.7 ಕೆ.ಜಿ. ಹಾಗಾಗಿ 50 ಕೆ.ಜಿ. ಸಾರಜನಕಕ್ಕೆ ಹೆಕ್ಟೇರಿಗೆ ಸುಮಾರು 109 ಕೆ.ಜಿ. ಯೂರಿಯಾ, ಎಕರೆಗೆ 44. ನಮ್ಮ ಮಾತಿನಲ್ಲಿ ಎಕರೆಗೆ ಒಂದು ಚೀಲ. ಹೆಕ್ಟೇರನ್ನು ಎಕರೆ ಎಂದು ಓದಿದವರು ಸುಮಾರು ಎರಡೂವರೆ ಚೀಲ ಸುರಿಯುತ್ತಾರೆ. ಸಾರಜನಕವೇ ಯೂರಿಯಾ ಎಂದುಕೊಂಡವರು ಎಕರೆಗೆ 20 ಕೆ.ಜಿ. ಹಾಕಿ ‘ಸರ್ಕಾರದ ಲೆಕ್ಕ ಸುಳ್ಳು’ ಎನ್ನುತ್ತಾರೆ. ಎರಡೂ ತಪ್ಪು ಒಟ್ಟಿಗೆ ಮಾಡಿದವರ ಲೆಕ್ಕ ಎಕರೆಗೆ 50 ಕೆ.ಜಿ. ಯೂರಿಯಾಕ್ಕೆ ಬಂದು ಹೆಚ್ಚುಕಮ್ಮಿ ಸರಿಹೋಗುತ್ತದೆ ಎಂಬುದು ತಮಾಷೆ! ಸಲಹೆ ಬರೆಯುವವರೇ ಎಕರೆ, ಚೀಲದಲ್ಲಿ ಬರೆಯಲಿ. ‘ಹದ ನೋಡಿ ಹಾಕಿ’ ಎಂದೂ ಸೇರಿಸಲಿ. ಮಣ್ಣಿಗಿಳಿಯದೆ ಎರಿ (ಕಪ್ಪು ಮಣ್ಣಿನ) ಹೊಲದ ಮೇಲೆಯೇ ಉಳಿದ ಯೂರಿಯಾದಲ್ಲಿ ಒಂದಷ್ಟು ಅಮೋನಿಯಾ ಆಗಿ ಹಾರುತ್ತದೆ, ನೀರು ನಿಂತರೆ ಒಂದಷ್ಟು ನೈಟ್ರಸ್ ಆಕ್ಸೈಡ್ ಆಗುತ್ತದೆ.

ಇನ್ನೊಂದು. ಸಲಹೆಯಲ್ಲಿ ಬರುವ ‘ನಿಮ್ಮ ಹೊಲದ ಮಣ್ಣು’ ಎಂಬ ಮಾತು ಎಲ್ಲ ಚೀಟಿಗೂ ಹೊಂದುವುದಿಲ್ಲ. ಗ್ರಿಡ್ (ಹೊಲಗಳನ್ನು ಚೌಕಗಳಾಗಿ ಹಂಚಿದ ನಕ್ಷೆ) ಪ್ರಕಾರ ಬಂದ ಚೀಟಿಯಲ್ಲಿ ಮಳೆಯಾಶ್ರಿತ 10 ಹೆಕ್ಟೇರಿಗೆ, ಅಂದರೆ ಸುಮಾರು 25 ಎಕರೆಗೆ, ಒಂದೇ ಮಾದರಿ; ನೀರಾವರಿಯಲ್ಲಿ 2.5 ಹೆಕ್ಟೇರಿಗೆ ಒಂದು. ಅಷ್ಟರಲ್ಲಿ ಎರಿಯೂ ಮಸಾರಿಯೂ (ಕೆಂಪು ಮಣ್ಣು) ಇರಬಹುದು. ಮಸಾರಿಯವನಿಗೆ ಎರಿಯ ಅಂಕಿ ಬಂದರೆ ಮೊಬೈಲ್ ಸಲಹೆಯನ್ನೇ ನಂಬುವುದು ಬಿಡುತ್ತಾನೆ. ‘ನಿಮ್ಮ ಹೊಲವಿರುವ ಚೌಕದ ಮಣ್ಣು’ ಎಂದರೆ ಸರಿ. ಗ್ರಿಡ್‌ಗೆ ‘ಚೌಕ’ ಸಾಕು.