ಮಾಲರ್ ಹಿಡಿಸಿದ, ಬ್ರುಕ್ನರ್ ಯಾಕೆ ಹಿಡಿಸುತ್ತಿಲ್ಲ?

ಬೇಳೆ_ಲೆಕ್ಕಿಗ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಮನೆಯಲ್ಲಿ ಕೇಳಿ ಬೆಳೆದದ್ದು ಮಲ್ಲಿಕಾರ್ಜುನ ಮನ್ಸೂರ್, ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್. ಪಾಶ್ಚಾತ್ಯ ಸಂಗೀತವನ್ನು ಯಾರ ಹತ್ತಿರವೂ ಕಲಿತಿಲ್ಲ, ನೊಟೇಶನ್ ಓದಲು ಬರುವುದಿಲ್ಲ. ಮಾರ್ಚ್ ತಿಂಗಳ ಲೆಕ್ಕ ಮುಗಿಸುವಾಗ ನಿದ್ದೆ ಬರಬಾರದು ಅಂತ ಯೂಟ್ಯೂಬಿನಲ್ಲಿ ಏನೋ ಹಾಕಿಕೊಂಡಿದ್ದೆ. ಅದು ಆಸ್ಟ್ರಿಯಾದ ಸಂಗೀತಕಾರ ಮಾಲರನ ಒಂದನೇ ಸಿಂಫನಿ, ಅಂದರೆ ಇಡೀ ಆರ್ಕೆಸ್ಟ್ರಾ ಸೇರಿ ನುಡಿಸುವ, ಹಲವು ಭಾಗಗಳ ದೊಡ್ಡ ಕೃತಿ. ಕೆಲಸ ಅಲ್ಲೇ ನಿಂತಿತು.

ಅದರ ಮೂರನೇ ಮೂವ್‌ಮೆಂಟ್ (ಮೂರನೇ ಭಾಗ) ಕೇಳಿದವರಿಗೆ ಗೊತ್ತು. ಮಕ್ಕಳು ಹಾಡುವ ಒಂದು ಧಾಟಿಯನ್ನು ದುಃಖದ ಸ್ವರಕ್ಕೆ ತಿರುಗಿಸಿ ಒಂಟಿ ಡಬಲ್ ಬಾಸಿನ, ಅಂದರೆ ದಪ್ಪ ದನಿಯ ದೊಡ್ಡ ತಂತಿವಾದ್ಯದ, ಕೈಗೆ ಕೊಟ್ಟಿದ್ದಾನೆ. ಕೆಳಗೆ ನಗಾರಿ ಹೆಣದ ಹಿಂದೆ ನಡೆಯುವವರ ಹೆಜ್ಜೆ ಹಾಕುತ್ತದೆ. ಹಾಗೇ ಸಾಗುತ್ತಿರುವಾಗ ಬೀದಿ ಬ್ಯಾಂಡು ನುಗ್ಗುತ್ತದೆ. ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಕಲಬುರಗಿಯಲ್ಲಿ ಇದ್ದವರಿಗೆ ಇದರಲ್ಲಿ ಅಚ್ಚರಿ ಏನಿಲ್ಲ. ಸೂಪರ್ ಮಾರ್ಕೆಟ್ ಕಡೆ ಮದುವೆ ಬ್ಯಾಂಡು ಹೋಗುವಾಗ ಎದುರಿನಿಂದ ಹಲಗೆ ಬಡಿಯುತ್ತಾ ಹೆಣ ಬಂದದ್ದನ್ನು ನಾನೇ ನೋಡಿದ್ದೇನೆ. ಬ್ಯಾಂಡಿನವರು ಒಂದು ಗಳಿಗೆ ನಿಲ್ಲಿಸಿದರು, ಹೆಣ ದಾಟಿತು, ಮತ್ತೆ ಶುರು ಮಾಡಿದರು. ಮಾಲರ್ ನಿಲ್ಲಿಸುವುದಿಲ್ಲ. ಎರಡನ್ನೂ ಕೇಳಿಸುತ್ತಾನೆ.

ಅಲ್ಲಿಂದ ಎರಡು, ಐದು, ಆರು ಎಲ್ಲಾ ಕೇಳಿದೆ. ಆರನೆಯದರ ಕೊನೆಯಲ್ಲಿ ಮರದ ಸುತ್ತಿಗೆಯ ಏಟು ಬೀಳುವಾಗ ಈಗಲೂ ಎದೆ ಧಸಕ್ಕೆನ್ನುತ್ತದೆ.

ಈಗ ಸಮಸ್ಯೆ. ಬೀದರಿನ ಒಬ್ಬ ಗೆಳೆಯರು "ಮಾಲರ್ ಇಷ್ಟ ಆದರೆ ಬ್ರುಕ್ನರ್ ಕೇಳಲೇಬೇಕು" ಅಂತ ಬೆನ್ನು ಹತ್ತಿದ್ದಾರೆ. ಬ್ರುಕ್ನರನೂ ಸಿಂಫನಿಗಳನ್ನು ಬರೆದವನೇ. ಅವನ ನಾಲ್ಕನೆಯದು ಕೇಳಿದೆ, ಎಂಟನೆಯದೂ ಕೇಳಿದೆ. ಏರುತ್ತದೆ, ಏರುತ್ತದೆ, ಇನ್ನೇನು ಬಂತು ಅನ್ನುವಾಗ ಗಪ್ಪನೆ ನಿಲ್ಲುತ್ತದೆ. ಆಮೇಲೆ ಮೊದಲಿನದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಶುರು. ಒಂದು ಸಿಂಫನಿಯನ್ನೇ ಮತ್ತೆ ಮತ್ತೆ ಬರೆದ ಹಾಗಿದೆ. ಯಾರು ದೊಡ್ಡವರು ಅನ್ನುವ ಜಗಳ ನನಗೆ ಬೇಡ. ಅವನನ್ನು ಇಷ್ಟಪಡುವವರಿಗೆ ಅದರಲ್ಲಿ ಸಿಗುವುದೇನು? ಅದನ್ನು ಹೇಳಿ.

ಚರ್ಚ್_ಕೀಬೋರ್ಡ್ (ಬೀದರ್)

ಬೆನ್ನು ಹತ್ತಿದ ಗೆಳೆಯ ನಾನೇ. ಇಲ್ಲಿಗೂ ಬಂದೆ ನೋಡಿ.

ಅಣ್ಣಾ, ಇಬ್ಬರೂ ಹೊಟ್ಟೆಗೆ ಏನು ಕೆಲಸ ಮಾಡುತ್ತಿದ್ದರು ಅನ್ನುವುದನ್ನು ಮೊದಲು ನೋಡಿ. ಮಾಲರ್ ಒಪೆರಾದಲ್ಲಿ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದಲ್ಲಿ, ಕಂಡಕ್ಟರ್, ಆರ್ಕೆಸ್ಟ್ರಾವನ್ನು ಮುಂದೆ ನಿಂತು ನಡೆಸುವವರು. 1897ರಿಂದ 1907ರವರೆಗೆ ವಿಯೆನ್ನಾದ ಕೋರ್ಟ್ ಒಪೆರಾ ಅವರ ಕೈಯಲ್ಲಿತ್ತು. ಸಂಗೀತ ಬರೆಯಲು ಸಿಗುತ್ತಿದ್ದದ್ದು ಬೇಸಿಗೆ ರಜೆ ಮಾತ್ರ. ಸರೋವರದ ದಂಡೆಯಲ್ಲಿ ಒಂದು ಸಣ್ಣ ಗುಡಿಸಲು ಕಟ್ಟಿಸಿಕೊಂಡು ಅಲ್ಲಿ ಕೂತು ಬರೆಯುತ್ತಿದ್ದರು. ಉಳಿದ ತಿಂಗಳೆಲ್ಲಾ ರಂಗಮಂದಿರ. ಜನ ಯಾವಾಗ ಮುಂದಕ್ಕೆ ಬಾಗುತ್ತಾರೆ, ಯಾವಾಗ ಕೆಮ್ಮಲು ಶುರು ಮಾಡುತ್ತಾರೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ನಿಮ್ಮ ಬೇಸರ ಬರುವ ಮೊದಲೇ ಬ್ಯಾಂಡು ಕಳಿಸುತ್ತಾರೆ. ಅವರು ಬೆಳೆದ ಯೀಲಾವಾ ಊರಲ್ಲಿ ಸೈನ್ಯದ ಬ್ಯಾರಕ್ ಇತ್ತು, ಹಾಗಾಗಿ ಆ ಬ್ಯಾಂಡು ಚಿಕ್ಕಂದಿನಿಂದ ಕಿವಿಯಲ್ಲಿ ಇದ್ದದ್ದೇ.

ಬ್ರುಕ್ನರ್ ಹಳ್ಳಿ ಮೇಷ್ಟ್ರ ಮಗ. 1824ರಲ್ಲಿ ಆನ್ಸ್‌ಫೆಲ್ಡೆನ್‌ನಲ್ಲಿ ಹುಟ್ಟಿದರು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅವರನ್ನು ಸೇಂಟ್ ಫ್ಲೋರಿಯನ್ ಮಠಕ್ಕೆ ಸೇರಿಸಿದರು. ಅಲ್ಲಿ ಹಾಡುವ ಹುಡುಗ, ಆಮೇಲೆ ಆರ್ಗನ್, ಅಂದರೆ ಚರ್ಚಿನ ದೊಡ್ಡ ಕೊಳವೆಗಳ ವಾದ್ಯ, ನುಡಿಸುವವರು. ಇವತ್ತಿಗೂ ಅವರ ಸಮಾಧಿ ಇರುವುದು ಅದೇ ಮಠದಲ್ಲಿ, ಆರ್ಗನ್ನಿನ ಕೆಳಗೆ. ಒಂದನೇ ಸಿಂಫನಿ ಜನರ ಮುಂದೆ ಬರುವಷ್ಟರಲ್ಲಿ ವಯಸ್ಸು ನಲವತ್ತು ದಾಟಿತ್ತು.

ನಾನು ನುಡಿಸುವುದು ಸಣ್ಣ ಕೀಬೋರ್ಡು, ಆದರೂ ಇಷ್ಟು ಹೇಳಬಲ್ಲೆ. ದೊಡ್ಡ ಚರ್ಚಿನಲ್ಲಿ ಕೈ ಎತ್ತಿದ ಮೇಲೂ ನಾದ ಕೆಲವು ಸೆಕೆಂಡು ಸುತ್ತುತ್ತಲೇ ಇರುತ್ತದೆ. ಅದು ಇಳಿಯುವ ತನಕ ಕಾಯಬೇಕು, ಇಲ್ಲದಿದ್ದರೆ ಎರಡೂ ಕಲಸಿಹೋಗುತ್ತವೆ. ನೀವು "ಗಪ್ಪನೆ ನಿಂತಿತು" ಅಂದಿರಲ್ಲ, ಅಲ್ಲಿ ನನಗೆ ಕೇಳುವುದು ಆ ಕಾಯುವಿಕೆ. ಸಂಬಂಧವಿಲ್ಲದ ಇನ್ನೊಂದು ಶುರುವಾಯಿತು ಅಂದಿರಿ. ಅದೂ ಆರ್ಗನ್ನಿನ ಅಭ್ಯಾಸವೇ. ಒಂದು ಸ್ಟಾಪ್ (ಯಾವ ಕೊಳವೆಗಳು ನುಡಿಯಬೇಕು ಅಂತ ಆರಿಸುವ ಗುಂಡಿ) ಮುಚ್ಚಿ ಇನ್ನೊಂದು ಎಳೆದರೆ ದನಿಯ ಬಣ್ಣವೇ ಪೂರ್ತಿ ಬದಲಾಗುತ್ತದೆ, ನಿಧಾನವಾಗಿ ಅಲ್ಲ, ಒಮ್ಮೆಲೇ. ಅವರ ಆರ್ಕೆಸ್ಟ್ರಾ ಹಾಗೇ ನಡೆಯುತ್ತದೆ. ಹಾರ್ನ್‌ಗಳ (ಹಿತ್ತಾಳೆಯ ಕಹಳೆಗಳ) ಗುಂಪು, ತಂತಿಗಳ ಗುಂಪು, ಮತ್ತೆ ಎಲ್ಲವೂ.

ಇನ್ನೊಂದು ಮಾತು. ಮಾಲರ್ ಕೇಳುವಾಗ ಅವರು ನಿಮ್ಮ ಜೊತೆ ಮಾತಾಡುತ್ತಿದ್ದಾರೆ ಅನಿಸುತ್ತದೆ, ಅಲ್ವಾ? ಬ್ರುಕ್ನರ್ ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಒಂಬತ್ತನೆಯದನ್ನು ಅವರು ಅರ್ಪಿಸಿದ್ದು ದೇವರಿಗೆ. ಕೆಲವರಿಗೆ ಇದು ಬೇಸರ. ನನಗೆ ಇದರಲ್ಲೇ ನೆಮ್ಮದಿ. ದಿನವಿಡೀ ಎಲ್ಲರೂ ನನ್ನನ್ನೇ ಕರೆಯುತ್ತಿರುತ್ತಾರೆ, ಸಂಗೀತವಾದರೂ ಸುಮ್ನೆ ಬಿಡಲಿ.

ತಾನ್‌ಪ್ಯೂರಾ_ಬಾಕ್ಸ್ (ಯಾದಗಿರಿ)

ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನನ್ನದು ಸಣ್ಣ ಪ್ರಶ್ನೆ. ಬೇಳೆ ಸರ್, ನೀವು ಕೇಳಿದ್ದು ಯಾವ ತಿಂಗಳು? ನಮ್ಮ ಕಡೆ ಏಪ್ರಿಲ್‌ನಲ್ಲಿ ಕೂಲರ್ ಹಚ್ಚಿಕೊಂಡು ಫೋನಿನಲ್ಲಿ ಬ್ರುಕ್ನರ್ ಕೇಳಿದರೆ ಮೊದಲ ಎರಡು ನಿಮಿಷ ಕೂಲರ್‌ನದೇ ಸಿಂಫನಿ. ನಾಲ್ಕನೆಯದು ಶುರುವಾಗುವುದೇ ತಂತಿಗಳ ಸಣ್ಣ ನಡುಕದಿಂದ, ಅದರ ಮೇಲೆ ದೂರದಿಂದ ಒಂದೇ ಹಾರ್ನ್. ಅದು ಕೇಳಿಸಲಿಲ್ಲ ಅಂದರೆ ಮುಂದೆ ಬರುವ ಆರ್ಭಟಕ್ಕೆ ಕಾರಣವೇ ಸಿಗುವುದಿಲ್ಲ. ಚಳಿಗಾಲದ ರಾತ್ರಿ, ಫ್ಯಾನ್ ಆರಿಸಿ, ಒಳ್ಳೆ ಇಯರ್‌ಫೋನ್ ಹಾಕಿ ಕೇಳಿ.

ಇನ್ನು, ವಿಲಂಬಿತ ಖಯಾಲ್, ಅಂದರೆ ಹಿಂದೂಸ್ತಾನಿಯ ನಿಧಾನ ಲಯದ ಗಾಯನ, ಕೇಳಿದ ಕಿವಿ ನಿಮ್ಮದು. ಅರ್ಧ ಗಂಟೆ ಒಂದೇ ಬಂದಿಶ್ ಕೇಳುವವರಿಗೆ ಬ್ರುಕ್ನರ್ ನಿಧಾನ ಅನಿಸಬಾರದು. ಎರಡೂ ಒಂದೇ ತಾಳ್ಮೆ ಕೇಳುತ್ತವೆ.

ಬೇಳೆ_ಲೆಕ್ಕಿಗ (ಕಲಬುರಗಿ)

ಕೂಲರ್ ಮಾತು ಒಪ್ಪಿದೆ ರೀ. ಖಯಾಲ್ ಮಾತು ಒಪ್ಪಲಾರೆ. ಇದನ್ನು ಅನೇಕರು ಹೇಳುತ್ತಾರೆ, ನನಗೆ ಮಾತ್ರ ಕೂರುವುದಿಲ್ಲ.

ವಿಲಂಬಿತ ಏಕತಾಲ ಎಷ್ಟೇ ನಿಧಾನ ಇದ್ದರೂ ತಬಲಾದ ಠೇಕಾ ನನ್ನ ಕೈ ಹಿಡಿದಿರುತ್ತದೆ. ಗಾಯಕರು ಎಲ್ಲೆಲ್ಲಿ ತಿರುಗಾಡಿದರೂ ಸಮ್‌ಗೆ, ತಾಳದ ಮೊದಲ ಪೆಟ್ಟಿಗೆ, ಬರಲೇಬೇಕು. ಅದು ಬರುತ್ತದೆ ಅಂತ ಗೊತ್ತಿರುವುದರಿಂದಲೇ ಕಾಯುವುದು ಸುಖ. ಮುಖಡಾ (ಬಂದಿಶಿನ ಮೊದಲ ತುಣುಕು) ಹಿಡಿದು ಸಮ್‌ಗೆ ಇಳಿದಾಗ ತಲೆ ತಾನಾಗಿ ತೂಗುತ್ತದೆ. ಬ್ರುಕ್ನರ್ ಸಮ್ ಹತ್ತಿರ ತಂದು, ಅಲ್ಲೇ ನಿಲ್ಲಿಸಿ, ಬೇರೆ ದಾರಿ ಹಿಡಿಯುತ್ತಾನೆ. ಇನ್ನು ನಮ್ಮಲ್ಲಿ ತಂಬೂರಿಯ ಷಡ್ಜ ಮೊದಲಿನಿಂದ ಕೊನೆಯ ತನಕ ಅಲ್ಲೇ ಇರುತ್ತದೆ. ಅವನಲ್ಲಿ ಷಡ್ಜವೇ ಎದ್ದು ಬೇರೆ ಮನೆಗೆ ಹೋಗುತ್ತದೆ. ನಿಧಾನ ಅನ್ನುವುದೊಂದೇ ಇಬ್ಬರಿಗೂ ಸಮಾನ. ಅಷ್ಟಕ್ಕೆ ನೆಂಟಸ್ತನ ಕಟ್ಟಬೇಡಿ.

ಆದರೆ ಬೀದರಿನವರು ಹೇಳಿದ್ದು ತಲೆಯಲ್ಲಿ ಇಟ್ಟುಕೊಂಡು ನಿನ್ನೆ ರಾತ್ರಿ ಬ್ರುಕ್ನರನ ಏಳನೆಯದರ ಅಡಾಜಿಯೊ, ಅಂದರೆ ನಿಧಾನದ ಭಾಗ, ಮಾತ್ರ ಕೇಳಿದೆ. ಮುಂದೆ ಏನಾಗುತ್ತದೆ ಅಂತ ಕಾಯುವುದನ್ನು ಬಿಟ್ಟೆ. ಒಂದು ನಿಂತಾಗ, ನಿಂತಿತು ಅಂದುಕೊಂಡೆ. ಹಿಡಿಸಿತು! ಆ ದಪ್ಪ ದನಿಯ ಕೊಳಲಿನಂಥ ವಾದ್ಯಗಳು ಯಾವುವು? ಕೊನೆಗೆ ಅವು ಅಳುವ ಹಾಗೆ ಕೇಳುತ್ತವೆ.

ಚರ್ಚ್_ಕೀಬೋರ್ಡ್ (ಬೀದರ್)

ಅವು ವಾಗ್ನರ್ ಟ್ಯೂಬಾ, ಹಿತ್ತಾಳೆಯವು. ನಾಲ್ಕು ಇವೆ. ವಾಗ್ನರ್ ತಮ್ಮ ಒಪೆರಾಗಳಿಗೆ ಮಾಡಿಸಿಕೊಂಡದ್ದು. ಬ್ರುಕ್ನರ್‌ಗೆ ವಾಗ್ನರ್ ಅಂದರೆ ಗುರುಭಕ್ತಿ. ಆ ಭಾಗ ಬರೆಯುತ್ತಿದ್ದಾಗ 1883ರ ಫೆಬ್ರವರಿಯಲ್ಲಿ ವಾಗ್ನರ್ ವೆನಿಸ್‌ನಲ್ಲಿ ತೀರಿಕೊಂಡರು. ನೀವು ಹೇಳಿದ ಆ ಕೊನೆ ಸುದ್ದಿ ಬಂದ ಮೇಲೆ ಬರೆದದ್ದು. 1884ರ ಡಿಸೆಂಬರ್ 30ರಂದು ಲೈಪ್‌ಜಿಗ್‌ನಲ್ಲಿ ಕಂಡಕ್ಟರ್ ಆರ್ಟುರ್ ನಿಕಿಶ್ ಇದನ್ನು ನುಡಿಸಿದರು. ಅರವತ್ತನೇ ವಯಸ್ಸಿಗೆ ಬ್ರುಕ್ನರ್‌ಗೆ ನಿಜವಾದ ಹೆಸರು ತಂದದ್ದು ಈ ಸಿಂಫನಿ.

ಅಂದರೆ ಕಥೆ ಇರುವ ಕಡೆ ನೀವು ಒಲಿದಿರಿ. ಇರಲಿ ಬಿಡಿ, ಬಾಗಿಲು ಯಾವುದಾದರೇನು.

ಸ್ಟೇಷನ್_ರೋಡ್ (ಕಲಬುರಗಿ)

ನಾನು ಮಾಲರ್ ಪಕ್ಷ. ಬ್ರುಕ್ನರ್‌ನನ್ನು ಪೂರ್ತಿ ಕೇಳಿಸುವ ಧೈರ್ಯ ಮಾಲರನಿಗೇ ಇರಲಿಲ್ಲ ಅನ್ನುವುದನ್ನು ಯಾರೂ ಹೇಳಲಿಲ್ಲವಲ್ಲ! 1899ರಲ್ಲಿ ಬ್ರುಕ್ನರನ ಆರನೆಯದರ ನಾಲ್ಕೂ ಭಾಗಗಳನ್ನು ವಿಯೆನ್ನಾದಲ್ಲಿ ಮೊದಲ ಸಲ ನುಡಿಸಿದ್ದು ಮಾಲರ್. ಆದರೆ ಅಲ್ಲಲ್ಲಿ ಕತ್ತರಿಸಿ, ವಾದ್ಯಗಳನ್ನು ತನಗೆ ಬೇಕಾದ ಹಾಗೆ ತಿದ್ದಿ. ಹಾಗಾಗಿ ಬೇಳೆ ಸರ್, ನಿಮ್ಮ ಬೇಸರಕ್ಕೆ ದೊಡ್ಡವರ ಸಾಥ್ ಇದೆ.

ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. 1877ರಲ್ಲಿ ಮೂರನೆಯದನ್ನು ಬ್ರುಕ್ನರ್ ತಾನೇ ನಿಂತು ನುಡಿಸಿದಾಗ ಜನ ಎದ್ದು ಹೋಗುತ್ತಾ ಹೋದರು, ಕೊನೆಗೆ ಸಭಾಂಗಣದಲ್ಲಿ ಉಳಿದದ್ದು ಬೆರಳೆಣಿಕೆ ಮಂದಿ. ಹದಿಹರೆಯದ ಮಾಲರ್ ಆ ದಿನ ಅಲ್ಲಿದ್ದ. ಆಮೇಲೆ ಅದೇ ಸಿಂಫನಿಯನ್ನು ಪಿಯಾನೋಗೆ, ಇಬ್ಬರು ಕೂತು ನುಡಿಸುವ ಹಾಗೆ, ಅಳವಡಿಸಿ ಕೊಟ್ಟ.

ನನಗೆ ಇಬ್ಬರೂ ಹತ್ತಿರ ಬರುವುದು ಅವರವರ ಒಂಬತ್ತನೆಯದರಲ್ಲಿ. ಎರಡೂ ನಿಧಾನದ ಭಾಗದಲ್ಲೇ ಮುಗಿಯುತ್ತವೆ. ಮಾಲರ್ ಬೇಕೆಂದೇ ಹಾಗೆ ಮುಗಿಸಿದ. ತಂತಿಗಳು ಇಳಿಯುತ್ತಾ ಇಳಿಯುತ್ತಾ ಇಲ್ಲವಾಗುತ್ತವೆ. ಬ್ರುಕ್ನರ್‌ಗೆ ನಾಲ್ಕನೇ ಭಾಗ ಮುಗಿಸಲು ಆಯುಷ್ಯ ಸಾಲಲಿಲ್ಲ, 1896ರ ಅಕ್ಟೋಬರ್‌ನಲ್ಲಿ ತೀರಿಕೊಂಡ. ಅವನು ಮುದುಕ ಭಕ್ತ, ಮೆತ್ತಗಿನವನು ಅಂದುಕೊಂಡವರು ಅವನ ಒಂಬತ್ತನೆಯದರ ಎರಡನೇ ಭಾಗ, ಆ ವೇಗದ ಸ್ಕೆರ್ಟ್ಸೊ, ಕೇಳಿ. ಇಡೀ ಆರ್ಕೆಸ್ಟ್ರಾ ಒಟ್ಟಿಗೆ ನೆಲ ಗುದ್ದುತ್ತದೆ. ಮಾಲರ್ ಪಕ್ಷದವನಾಗಿಯೂ ಇದನ್ನು ಒಪ್ಪುತ್ತೇನೆ.

ಬೇಳೆ_ಲೆಕ್ಕಿಗ (ಕಲಬುರಗಿ)

ಎಲ್ಲರಿಗೂ ಥ್ಯಾಂಕ್ಸ್. ಸ್ಕೆರ್ಟ್ಸೊ ಈ ವಾರವೇ ಕೇಳುತ್ತೇನೆ. ಎಂಟನೆಯದಕ್ಕೆ ಮತ್ತೆ ಹೋಗೋಣ ಅಂತ ಹುಡುಕಿದರೆ ಒಂದೇ ಹೆಸರಿನಲ್ಲಿ ಬೇರೆ ಬೇರೆ ಆವೃತ್ತಿ ಕಾಣುತ್ತಿವೆ. ಯಾವುದು ಅಸಲಿ?

ಚರ್ಚ್_ಕೀಬೋರ್ಡ್ (ಬೀದರ್)

ಎಲ್ಲವೂ ಅಸಲಿಯೇ, ತೊಂದರೆಯೂ ಅದೇ. 1887ರಲ್ಲಿ ಎಂಟನೆಯದನ್ನು ಮುಗಿಸಿ ಹರ್ಮನ್ ಲೇವಿ ಅನ್ನುವ ಕಂಡಕ್ಟರ್‌ಗೆ ಕಳಿಸಿದರು. ಅವರು ನನಗೆ ಇದು ಅರ್ಥವಾಗಲಿಲ್ಲ ಅಂದುಬಿಟ್ಟರು. ಬ್ರುಕ್ನರ್ ಕುಸಿದುಹೋದರು, ಆಮೇಲೆ ಕೂತು 1890ರ ಹೊತ್ತಿಗೆ ತಿದ್ದಿ ಬರೆದರು. ಜೊತೆಗೆ ನಂತರದ ಸಂಪಾದಕರ ಕೈವಾಡ ಬೇರೆ, ಹಾಸ್ ಆವೃತ್ತಿ, ನೋವಾಕ್ ಆವೃತ್ತಿ ಅಂತ. ಅದರ ಜಗಳಕ್ಕೆ ಈಗಲೇ ಇಳಿಯಬೇಡಿ. ಗುರುತು ಹಿಡಿಯುವುದು ಸುಲಭ. ಮೊದಲ ಭಾಗ ಜೋರಾಗಿ, ಗೆದ್ದವರ ಹಾಗೆ ಮುಗಿದರೆ 1887ರದು. ದನಿ ಇಳಿದು ಮೆಲ್ಲಗೆ ನಿಂತರೆ 1890ರದು. ನೀವು ಎರಡನೆಯದನ್ನೇ ಹಾಕಿ, ನಡುವೆ ಫೋನ್ ಬಂದರೆ ಎತ್ತಬೇಡಿ. ನಾನಂತೂ ಫೋನ್ ಮಾಡುವುದಿಲ್ಲ.