ಸಹಾಯ ಬೇಕು: ಮಲಗಿದರೆ ಅಪ್ಪನಿಗೆ ಉಸಿರು ಕಟ್ಟುತ್ತಿದೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಬಸವೇಶ್ವರನಗರದಲ್ಲಿ. ಅಪ್ಪನಿಗೆ 66 ವರ್ಷ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಹತ್ತು ದಿನದಿಂದ ಎರಡನೇ ಮಹಡಿಗೆ ಬರುವಷ್ಟರಲ್ಲಿ ಏದುಸಿರು, ಮಧ್ಯದಲ್ಲೇ ಕಂಬಿ ಹಿಡಿದು ನಿಲ್ಲುತ್ತಾರೆ. ಧೂಳು, ಚಳಿ, ವಯಸ್ಸು ಅಂತ ಸುಮ್ನೆ ಇದ್ದೆವು, ಅದು ನಮ್ಮದೇ ತಪ್ಪು. ಮೂರು ರಾತ್ರಿಯಿಂದ ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂತರೆ ಸ್ವಲ್ಪ ಸರಿಹೋಗುತ್ತದೆ, ಹಾಗಾಗಿ ಮೂರು ದಿಂಬಿಗೆ ಒರಗಿಕೊಂಡೇ ನಿದ್ದೆ ಮಾಡುತ್ತಿದ್ದಾರೆ. ಸಂಜೆಗೆ ಪಾದ ಊದಿರುತ್ತದೆ, ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತದೆ.

ಹತ್ತಿರದ ಕ್ಲಿನಿಕ್‌ನಲ್ಲಿ ಗ್ಯಾಸ್ ಅಂತ ಮಾತ್ರೆ ಕೊಟ್ಟು ಕಳಿಸಿದರು. ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ಆಕ್ಸಿಜನ್ 96 ತೋರಿಸುತ್ತದೆ. "ನಂಬರ್ ಚೆನ್ನಾಗಿದೆಯಲ್ಲ" ಅಂತ ಅಪ್ಪನದು ಒಂದೇ ಹಠ. ನಂಬರ್ ಸರಿಯಿದ್ದರೂ ಮಲಗಿದಾಗ ಉಸಿರು ಕಟ್ಟಿ, ಕಾಲೂ ಊದಿದರೆ ಹೃದಯದ ತೊಂದರೆ ಇರಬಹುದು, ತಡ ಮಾಡಬೇಡಿ ಅಂತ ನರ್ಸ್ ಆಗಿರುವ ಅತ್ತಿಗೆ ಹೇಳಿದರು. ನಾಳೆ ಬೆಳಿಗ್ಗೆಯೇ ಹೊರಡುತ್ತೇವೆ.

ಜಯದೇವ ಆಸ್ಪತ್ರೆಗೆ ಎಷ್ಟು ಹೊತ್ತಿಗೆ ಹೋದರೆ ಒಪಿಡಿ ಚೀಟಿ ಬೇಗ ಸಿಗುತ್ತದೆ? ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಅದೇ ದಿನ ಆಗುತ್ತದಾ? ಹಳೆಯ ರಿಪೋರ್ಟ್ ಏನೇನು ಬೇಕು? ಶ್ವಾಸಕೋಶದ ಡಾಕ್ಟರಿಗೆ ಮೊದಲು ತೋರಿಸಬೇಕಾ?

ಇವತ್ತು ರಾತ್ರಿ ಪಕ್ಕದಲ್ಲೇ ಇರುತ್ತೇನೆ. ಕೂತಾಗಲೂ ಒಂದು ವಾಕ್ಯ ಮಾತಾಡಲು ಆಗದಷ್ಟು ಏದುಸಿರು, ಎದೆನೋವು, ತಣ್ಣನೆ ಬೆವರು, ತುಟಿ ನೀಲಿಯಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಿನವರೆಗೆ ಕಾಯದೆ 108ಕ್ಕೆ ಫೋನ್ ಮಾಡುತ್ತೇನೆ. ಇನ್ನೇನಾದರೂ ಗಮನಿಸಬೇಕಿದ್ದರೆ ದಯವಿಟ್ಟು ಈಗಲೇ ಹೇಳಿ. ಹಠ ಮಾಡುವ ಅಪ್ಪನನ್ನು ಹೇಗೆ ಒಪ್ಪಿಸಿದಿರಿ ಅನ್ನುವುದನ್ನೂ ತಿಳಿಸಿ.