ಪೋಕರ್ ಆಟದಲ್ಲಿ ಬಟನ್‌ನಲ್ಲಿ ಕೂತು ದೊಡ್ಡ ರೇಸ್ (ಪಣ ಏರಿಸೋದು): ನಿಮ್ಮ ಅನುಭವ ಹೇಳಿ

ಗೋಣಿಕೊಪ್ಪದಿಂದ: ಕಕ್ಕಡದ ಮಳೆಗೆ ತೋಟದ ಕೆಲಸ ಕಮ್ಮಿ. ಸಂಜೆ ಏಳು ಜನ ಸೇರಿ ಟೆಕ್ಸಾಸ್ ಹೋಲ್ಡೆಮ್ ಆಡುತ್ತೇವೆ. ದುಡ್ಡಿಲ್ಲ, ಬರೀ ಚಿಪ್ಸ್. ಬ್ಲೈಂಡ್ (ಎಲೆ ಹಂಚುವ ಮೊದಲೇ ಇಬ್ಬರು ಇಡಲೇಬೇಕಾದ ಚಿಪ್ಸ್) 50 ಮತ್ತು 100. ನಮ್ಮಲ್ಲಿ ಒಬ್ಬರು ಬಟನ್ (ಡೀಲರ್ ಜಾಗ, ಅವರ ನಂತರ ಬ್ಲೈಂಡ್‌ನ ಇಬ್ಬರೇ) ಬಂದಾಗಲೆಲ್ಲ 500ಕ್ಕೆ ಏರಿಸಿ ಎಲ್ಲರನ್ನೂ ಓಡಿಸುತ್ತಾರೆ. ನಾನೂ ಹಾಗೆ ಆಡಬಹುದಾ? ಅವರನ್ನು ತಡೆಯೋದು ಹೇಗೆ?

ವಿರಾಜಪೇಟೆಯಿಂದ: ಮೊದಲು ಲೆಕ್ಕ ನೋಡಿ. ಪಾಟ್‌ನಲ್ಲಿ (ನಡುವಿನ ಚಿಪ್ಸ್ ರಾಶಿಯಲ್ಲಿ) ಇರೋದು 150. ಅದಕ್ಕೆ ನೀವು 500 ಇಡುತ್ತಿದ್ದೀರಿ. ಎಲೆ ಏನೂ ಇಲ್ಲದೆ ಬ್ಲಫ್ ಮಾಡಿದರೆ, 100ರಲ್ಲಿ 77 ಸಲ ಬ್ಲೈಂಡ್‌ನ ಇಬ್ಬರೂ ಫೋಲ್ಡ್ ಆಗಬೇಕು (ಎಲೆ ಬಿಡಬೇಕು). ಆಗಷ್ಟೇ ನಷ್ಟ ಇಲ್ಲ. 250ಕ್ಕೆ ಏರಿಸಿದರೆ 63 ಸಲ ಸಾಕು. 500ಕ್ಕೆ ಎಲೆ ಬಿಸಾಕುವವರು ಹೆಚ್ಚಾಗಿ 250ಕ್ಕೂ ಬಿಸಾಕುತ್ತಾರೆ. ಹಾಗಾಗಿ ಮುಂಚೆ ಯಾರೂ ಒಳಗೆ ಬಂದಿಲ್ಲದಿದ್ದರೆ ಸಣ್ಣ ರೇಸೇ ಒಳ್ಳೆಯದು.

ದೊಡ್ಡದಕ್ಕೆ ಬೇರೆ ಜಾಗ ಉಂಟು. ಇಬ್ಬರು ಸುಮ್ನೆ 100 ಹಾಕಿ ಫ್ಲಾಪ್ (ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆ) ನೋಡೋಣ ಅಂತ ಬಂದಿರುತ್ತಾರೆ ಅಲ್ವಾ? ಅಂಥವರ ಕೈಯಲ್ಲಿ ಸಾಮಾನ್ಯವಾಗಿ ಗಟ್ಟಿ ಎಲೆ ಇರೋದಿಲ್ಲ. ಪಾಟ್ ಆಗಲೇ 350. ಎಕ್ಕ-ರಾಣಿ ಇದ್ದರೆ 600ಕ್ಕೆ ಏರಿಸಿ. ಎಲ್ಲರೂ ಬಿಟ್ಟರೆ ಸರಿ. ಒಬ್ಬರು ಕಾಲ್ ಮಾಡಿದರೂ (ನಿಮ್ಮಷ್ಟೇ ಹಾಕಿ ಬಂದರೂ) ಫ್ಲಾಪ್ ಆದ ಮೇಲೆ ಕೊನೆಗೆ ಆಡೋದು ನೀವೇ. ಅವರು ಏನು ಮಾಡಿದರು ನೋಡಿಕೊಂಡು ಆಡಬಹುದು.

ಸೋಮವಾರಪೇಟೆಯಿಂದ: ಲೆಕ್ಕಕ್ಕಿಂತ ಮೊದಲು ಬ್ಲೈಂಡ್‌ನಲ್ಲಿ ಯಾರು ಕೂತಿದ್ದಾರೆ ನೋಡಿ. ನಮ್ಮಲ್ಲಿ ಒಬ್ಬರು ದೊಡ್ಡಪ್ಪ ಇದ್ದಾರೆ. ಬಿಗ್ ಬ್ಲೈಂಡ್‌ಗೆ (100 ಇಡುವ ಜಾಗಕ್ಕೆ) ಬಂದರೆ ಎಲೆ ಎತ್ತುವ ಮೊದಲೇ ಕಾಲ್ ಮಾಡೋಕೆ ಚಿಪ್ಸ್ ಎಣಿಸಿ ಪಕ್ಕಕ್ಕೆ ಇಡುತ್ತಾರೆ. "ನೂರು ಹಾಕಿ ಆಯ್ತು, ಇನ್ನು ನೋಡದೆ ಬಿಡೋದುಂಟಾ?" ಅನ್ನುತ್ತಾರೆ. ಅವರ ಮುಂದೆ ಬ್ಲಫ್ ನಡೆಯೋದೇ ಇಲ್ಲ. ಆದರೆ ಜೋಡಿ ರಾಜ ಬಂದರೆ 500 ಏನು, 700ಕ್ಕೂ ಏರಿಸಿ. ಅವರು ಬಂದೇ ಬರುತ್ತಾರೆ.

ಮಡಿಕೇರಿಯಿಂದ: ನಿಮ್ಮ ಹತ್ತಿರ 1,000 ಚಿಪ್ಸ್ ಮಾತ್ರ ಉಳಿದಿದ್ದರೆ 500ರ ರೇಸ್ ಬೇಡ. ಆಲ್ ಇನ್ (ಇರೋ ಚಿಪ್ಸ್ ಎಲ್ಲ ಹಾಕೋದು) ಇಲ್ಲವೇ ಫೋಲ್ಡ್. ಅರ್ಧ ಹಾಕಿದ ಮೇಲೆ ಹಿಂದೆ ಸರಿಯೋಕೆ ಆಗಲ್ಲ.

ನಿಮ್ಮ ಆ ಸ್ನೇಹಿತರ ವಿಷಯ. ಪ್ರತಿ ಬಟನ್‌ಗೂ ಏರಿಸುತ್ತಾರೆ ಅಂದರೆ ಅವರ ಎಲೆ ಬಹಳ ಸಲ ಸಾಧಾರಣದ್ದೇ. ಎಲ್ಲರ ಹತ್ತಿರ ಚಿಪ್ಸ್ ಧಾರಾಳ ಇದ್ದಾಗ, ಬಿಗ್ ಬ್ಲೈಂಡ್‌ನಿಂದ 1,800ಕ್ಕೆ ಮರು ರೇಸ್ ಮಾಡಿ ನೋಡಿ. ನಿಮ್ಮ ಕೈಯಲ್ಲಿ ಒಂದು ಎಕ್ಕ ಇದ್ದರೆ ಇನ್ನೂ ಒಳ್ಳೆಯದು. ಜೋಡಿ ಎಕ್ಕ ಸೇರುವುದು 6 ಬಗೆಯಲ್ಲಿ. ಒಂದು ಎಕ್ಕ ನಿಮ್ಮ ಹತ್ತಿರ ಇದ್ದರೆ ಅವರಿಗೆ ಉಳಿಯೋದು 3 ಬಗೆ ಮಾತ್ರ. ಅವರು ತಿರುಗಿ ಆಲ್ ಇನ್ ಅಂದರೆ, ಗಟ್ಟಿ ಎಲೆ ಇಲ್ಲದಿದ್ದಾಗ ಬಿಟ್ಟುಬಿಡಿ.